ಜೇಬಿನಿಂದ ಹಾರಿದ್ದು

2019ರ ಸೆಪ್ಟೆಂಬರಿನಲ್ಲಿ ಸ್ಪೇನಿನ ಪೋರ್ಟ್‌ಅವೆಂಚುರಾ ಪಾರ್ಕಿನಲ್ಲಿ ಒಬ್ಬ ಪ್ರವಾಸಿ ಒಂದು ಕ್ಯಾಚ್ ಹಿಡಿದ. ಅವನು ನ್ಯೂಜಿಲೆಂಡಿನವನು. ಕೂತಿದ್ದದ್ದು 'ಶಂಭಾಲಾ' ಎಂಬ ರೋಲರ್ ಕೋಸ್ಟರಿನಲ್ಲಿ. ಅದರ ಎತ್ತರ 76 ಮೀಟರ್, ಗರಿಷ್ಠ ವೇಗ ಗಂಟೆಗೆ 134 ಕಿಲೋಮೀಟರ್. ಮುಂದೆ ಕೂತಿದ್ದ ಅಪರಿಚಿತನೊಬ್ಬನ ಮೊಬೈಲು ಗಾಳಿಗೆ ಎದ್ದಿತು, ಇವನು ಕೈಚಾಚಿ ಹಿಡಿದುಬಿಟ್ಟ. ಗಾಡಿಯಲ್ಲಿದ್ದ ಕ್ಯಾಮೆರಾ ಎಲ್ಲವನ್ನೂ ಸೆರೆಹಿಡಿದಿತ್ತು. ಆ ವಿಡಿಯೊ ಜಗತ್ತನ್ನೆಲ್ಲ ಸುತ್ತಿತು. ಗಂಟೆಗೆ 130 ಕಿಲೋಮೀಟರ್ ವೇಗದ ಫೋನನ್ನು ಬರಿಗೈಯಲ್ಲಿ ಹಿಡಿದ ಎಂದು ಸುದ್ದಿಯಾಯಿತು.

ಸುದ್ದಿ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ನೆಲದ ಮೇಲೆ ನಿಂತು ನೋಡುವವರಿಗೆ ಫೋನು ಅಷ್ಟು ವೇಗದಲ್ಲಿ ಹೋಗುತ್ತಿರಬಹುದು. ಹಿಡಿದವನೂ ಅದೇ ದಿಕ್ಕಿಗೆ, ಹೆಚ್ಚುಕಡಿಮೆ ಅದೇ ವೇಗದಲ್ಲಿ ಹೋಗುತ್ತಿದ್ದ. ಹಾಗಾಗಿ ಅವನ ಕಣ್ಣಿಗೆ ಅದು ತೇಲುತ್ತ ತನ್ನ ಕಡೆಗೆ ಹಿಂದೆ ಸರಿದುಬರುವ ವಸ್ತು. ಎರಡು ವೇಗಗಳ ನಡುವಿನ ವ್ಯತ್ಯಾಸವಷ್ಟೇ ಅವನ ಅಂಗೈಗೆ ತಾಗಿದ್ದು. ಇದೇ ಫೋನು ಕೆಳಗೆ ಐಸ್‌ಕ್ರೀಮ್ ತಿನ್ನುತ್ತ ನಿಂತವರ ಕಡೆಗೆ ಹೋಗಿದ್ದರೆ ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ.

ಅದು ಹೇಗಾದರೂ ಹೋಗಲಿ, ಮೊದಲು ಜೇಬಿನಿಂದ ಹೊರಬಂದದ್ದು ಹೇಗೆ?

ಪ್ಯಾಂಟಿನ ಜೇಬು ನಿಂತ ಮನುಷ್ಯನಿಗಾಗಿ ಹೊಲಿದದ್ದು. ನಿಂತಾಗ ಅದರ ಬಾಯಿ ಮೇಲಕ್ಕಿರುತ್ತದೆ, ಭೂಮಿಯ ಸೆಳೆತವೇ ಒಳಗಿನದನ್ನು ಕಾಯುತ್ತದೆ. ಕೂತ ಕೂಡಲೇ ತೊಡೆ ಅಡ್ಡವಾಗುತ್ತದೆ, ಜೇಬಿನ ಬಾಯಿ ಸೊಂಟದ ಕಡೆಗೆ ವಾಲುತ್ತದೆ. ಫೋನಿನ ಒಂದು ಮೂಲೆ ಹೊರಗೆ ಇಣುಕುತ್ತದೆ. ಬಸ್ಸಿನ ಸೀಟಿನಲ್ಲಿ, ಆಟೊದಲ್ಲಿ ಚಿಲ್ಲರೆ ಉದುರುವುದೂ ಹೀಗೆಯೇ. ರೋಲರ್ ಕೋಸ್ಟರಿನಲ್ಲಿ ಇದರ ಜೊತೆಗೆ ಇನ್ನೊಂದು ಸಂಗತಿ ಸೇರುತ್ತದೆ. ಅಲ್ಲಿ 'ಕೆಳಗೆ' ಎಂಬ ದಿಕ್ಕು ಆಗಾಗ ಬದಲಾಗುತ್ತದೆ.

ಗಾಡಿ ಒಂದು ದಿಬ್ಬವನ್ನು ವೇಗವಾಗಿ ಹತ್ತಿ ಇಳಿಯುವಾಗ ಹಳಿ ಕೆಳಕ್ಕೆ ಬಾಗುತ್ತದೆ. ಗಾಡಿಗೆ ಹಳಿಯ ಮೇಲೂ ಚಕ್ರವಿದೆ, ಕೆಳಗೂ ಇದೆ. ಹಾಗಾಗಿ ಅದು ಹಳಿಯನ್ನು ಬಿಟ್ಟು ಹೋಗುವಂತಿಲ್ಲ. ತೊಡೆಯ ಮೇಲೆ ಬಿಗಿದ ಸರಳು ಕೂತವರನ್ನೂ ಗಾಡಿಯ ಜೊತೆ ಕೆಳಕ್ಕೆ ಎಳೆದುಕೊಳ್ಳುತ್ತದೆ. ಫೋನನ್ನು ಎಳೆಯುವವರು ಯಾರೂ ಇಲ್ಲ. ಅದು ತನ್ನ ಪಾಡಿಗೆ, ಎಸೆದ ಕಲ್ಲಿನ ಹಾದಿಯಲ್ಲಿ ಮುಂದುವರಿಯುತ್ತದೆ. ಗಾಡಿ ಆ ಹಾದಿಗಿಂತ ಬೇಗ ಕೆಳಗಿಳಿದರೆ ಫೋನು ಜೇಬಿನಿಂದ ಎದ್ದುಬಂದಂತೆ ಕಾಣುತ್ತದೆ. ನಿಜದಲ್ಲಿ ಎದ್ದದ್ದು ಫೋನಲ್ಲ, ಜಾರಿಹೋದದ್ದು ಜೇಬು.

ಲೆಕ್ಕ ಸುಲಭ. ದಿಬ್ಬದ ತುದಿಯಲ್ಲಿ ಗಾಡಿ ಗುರುತ್ವದ ಎರಡರಷ್ಟು ವೇಗೋತ್ಕರ್ಷದಲ್ಲಿ ಕೆಳಕ್ಕಿಳಿಯುತ್ತಿದೆ ಎಂದುಕೊಳ್ಳಿ. ಫೋನಿಗೆ ಗುರುತ್ವ ಒಂದರಷ್ಟೇ. ಅರ್ಧ ಸೆಕೆಂಡಿನಲ್ಲಿ ಇವೆರಡರ ನಡುವೆ ಸುಮಾರು 1.2 ಮೀಟರ್ ಅಂತರ ಬೀಳುತ್ತದೆ. ತೊಡೆಯ ಬಳಿ ಇದ್ದ ಫೋನು ತಲೆಯ ಮೇಲೆ ಹೋಗಲು ಅಷ್ಟು ಸಾಕು. ಈ ಹಗುರಾಗುವ ಗಳಿಗೆಗೆ ಕೋಸ್ಟರ್ ಹುಚ್ಚಿನವರು 'ಏರ್‌ಟೈಮ್' ಎನ್ನುತ್ತಾರೆ. ಕಾಸು ಕೊಟ್ಟು ಬರುವುದೇ ಅದಕ್ಕಾಗಿ. ಅಮೆರಿಕದ ಒಹಾಯೊ ರಾಜ್ಯದ ಸೀಡರ್ ಪಾಯಿಂಟ್ ಪಾರ್ಕಿನಲ್ಲಿ 2018ರಲ್ಲಿ ಶುರುವಾದ 'ಸ್ಟೀಲ್ ವೆಂಜನ್ಸ್' ಒಂದು ಸುತ್ತಿಗೆ 27.2 ಸೆಕೆಂಡ್ ಏರ್‌ಟೈಮ್ ಕೊಡುತ್ತದೆಂದು ದಾಖಲೆ ಬರೆಸಿಕೊಂಡಿತು. ಅರ್ಧ ಸೆಕೆಂಡಿಗೆ ಫೋನು ಹಾರುವುದಾದರೆ 27 ಸೆಕೆಂಡಿನಲ್ಲಿ ಏನೇನು ಹಾರಬಹುದು ಎಂಬುದು ಪಾರ್ಕಿನವರಿಗೆ ಬೇಗ ತಿಳಿಯಿತು. ಮರುವರ್ಷವೇ ಆ ಕೋಸ್ಟರಿನ ಸರತಿ ಸಾಲಿನೊಳಕ್ಕೂ ಫೋನು ತರುವಂತಿಲ್ಲ ಎಂದು ನಿಯಮ ಮಾಡಿದರು. ಬೇಸಿಗೆಯ ಬಿಸಿಲಲ್ಲಿ ಉದ್ದನೆಯ ಕ್ಯೂ, ಕೈಯಲ್ಲಿ ಫೋನಿಲ್ಲ. ಈ ಕಾಲದ ಮನುಷ್ಯನಿಗೆ ಅದು ಸಣ್ಣ ಶಿಕ್ಷೆಯೇನಲ್ಲ.

ಹಾರಿದ ಫೋನಿನ ಮುಂದಿನ ಪಾಡು ಗಾಳಿಯ ಕೈಯಲ್ಲಿದೆ. ಇನ್ನೂರು ಗ್ರಾಂ ತೂಕದ ಫೋನು ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಉರುಳುತ್ತ ಹೊರಟರೆ, ಗಾಳಿ ಅದನ್ನು ಅದರ ತೂಕಕ್ಕಿಂತ ಹೆಚ್ಚಿನ ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಅರ್ಧ ಸೆಕೆಂಡಿನಲ್ಲಿ ಅದು ಗಂಟೆಗೆ ಮೂವತ್ತು ಕಿಲೋಮೀಟರಿನಷ್ಟು ವೇಗ ಕಳೆದುಕೊಳ್ಳಬಹುದು. ಗಾಡಿಗೆ ಹಲವು ಟನ್ ತೂಕ, ಅದರ ಓಟವನ್ನು ಗಾಳಿ ಅಷ್ಟಾಗಿ ತಡೆಯಲಾರದು. ಹಾಗಾಗಿ ಮುಂದಿನ ಸಾಲಿನವರು ಬಿಟ್ಟದ್ದಕ್ಕೆ ಹಿಂದಿನ ಸಾಲಿನವರು ಹೋಗಿ ಗುದ್ದಿಕೊಳ್ಳುತ್ತಾರೆ. ಶಂಭಾಲಾದ ಕ್ಯಾಚು ಇದೇ ಬಗೆಯದ್ದು, ಕೈಗೆ ಸಿಕ್ಕಿತು. ಮೂಗಿಗೆ ಸಿಕ್ಕಿದ್ದರೂ ಭೌತಶಾಸ್ತ್ರಕ್ಕೆ ಎರಡೂ ಒಂದೇ.

ನೆಲದ ಮೇಲಿದ್ದವರಿಗೆ ಬೀಳುವ ಪೆಟ್ಟು ಇನ್ನೂ ದೊಡ್ಡದು. ಗಂಟೆಗೆ 80 ಕಿಲೋಮೀಟರ್ ವೇಗದ ಫೋನಿನಲ್ಲಿ ಸುಮಾರು 50 ಜೌಲ್ ಶಕ್ತಿ ಇರುತ್ತದೆ. ಕ್ರಿಕೆಟ್ ಚೆಂಡಿನ ತೂಕ 160 ಗ್ರಾಂ ಆಸುಪಾಸು. ಅದೇ ಶಕ್ತಿಗೆ ಚೆಂಡು ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಬರಬೇಕು, ಅಂದರೆ ಹೆಚ್ಚುಕಡಿಮೆ ಅನಿಲ್ ಕುಂಬ್ಳೆ ಅವರ ಎಸೆತದ ವೇಗ. ಫೋನಿನ ವೇಗ 120ಕ್ಕೆ ಏರಿದರೆ ಶಕ್ತಿ 111 ಜೌಲ್. ಆಗ ಬೌಲಿಂಗ್ ಜಾವಗಲ್ ಶ್ರೀನಾಥ್ ಕೈಗೆ ಹೋಯಿತೆಂದೇ ಲೆಕ್ಕ, ಚೆಂಡು 134ರ ವೇಗದಲ್ಲಿ ಬರುತ್ತಿದೆ. ವೇಗ ಒಂದೂವರೆ ಪಟ್ಟಾದರೆ ಪೆಟ್ಟು ಎರಡೂಕಾಲು ಪಟ್ಟು. ಬ್ಯಾಟ್ಸ್‌ಮನ್‌ಗಾದರೋ ಹೆಲ್ಮೆಟ್ಟಿದೆ, ಪ್ಯಾಡಿದೆ, ಬೌಲರ್ ಓಡಿಬರುವುದು ಕಣ್ಣಿಗೆ ಕಾಣುತ್ತಿದೆ. ಚೆಂಡು ದುಂಡಗಿದೆ. ಫೋನಿಗೆ ಮೂಲೆಗಳಿವೆ, ಅಷ್ಟೂ ಶಕ್ತಿ ಒಂದು ಮೂಲೆಯ ತುದಿಯಲ್ಲಿ ಬಂದು ಕೂರಬಹುದು. ಜನ ಓಡಾಡುವ ದಾರಿಯ ಮೇಲೆ ಹಳಿ ಹಾದುಹೋಗುವ ಕಡೆಗಳಲ್ಲಿ ಅನೇಕ ಪಾರ್ಕುಗಳು ಬಲೆ ಕಟ್ಟಿರುವುದು ಇದಕ್ಕಾಗಿಯೇ. ತಲೆಯೆತ್ತಿ ನೋಡಿದರೆ ಆ ಬಲೆಯಲ್ಲಿ ಕೂಲಿಂಗ್ ಗ್ಲಾಸ್, ಟೋಪಿ, ಒಂಟಿ ಚಪ್ಪಲಿ ಕಾಣಸಿಗುತ್ತವೆ.

ಎದುರಿನಿಂದ ಬರುವವರ ಕತೆಯೇ ಬೇರೆ. ಫ್ಲೋರಿಡಾದ ಯೂನಿವರ್ಸಲ್ ಒರ್ಲಾಂಡೊದಲ್ಲಿ 1999ರಲ್ಲಿ 'ಡ್ಯೂಯಲಿಂಗ್ ಡ್ರ್ಯಾಗನ್ಸ್' ಶುರುವಾಯಿತು. ಹೆಸರೇ ಹೇಳುವಂತೆ ಎರಡು ಡ್ರ್ಯಾಗನ್‌ಗಳ ಕಾಳಗ. ಒಂದು ಬೆಂಕಿಯದು, ಇನ್ನೊಂದು ಮಂಜಿನದು. ಎರಡೂ ಹಳಿಯ ಕೆಳಗೆ ತೂಗುವ ಗಾಡಿಗಳು, ಕೂತವರ ಕಾಲು ಗಾಳಿಯಲ್ಲಿ. ಒಂದು ಗಾಡಿಯ ಗರಿಷ್ಠ ವೇಗ ಗಂಟೆಗೆ ಸುಮಾರು 97 ಕಿಲೋಮೀಟರ್, ಇನ್ನೊಂದರದು 88. ಎರಡನ್ನೂ ಒಟ್ಟಿಗೇ ಬಿಟ್ಟು, ಮೂರು ಕಡೆ ಡಿಕ್ಕಿ ಹೊಡೆದೇಬಿಟ್ಟವು ಎನ್ನುವಷ್ಟು ಹತ್ತಿರ ತರುತ್ತಿದ್ದರು. ಅಂತರ ಒಂದೂವರೆ ಅಡಿ. ಇದು ಸಾಧ್ಯವಾಗಿದ್ದು ಸೊಗಸಾದ ಎಂಜಿನಿಯರಿಂಗ್‌ನಿಂದ. ಜನ ತುಂಬಿದ ಗಾಡಿ ಬೇಗ ಓಡುತ್ತದೆ, ಖಾಲಿಯದು ತಡವಾಗುತ್ತದೆ. ಹಾಗಾಗಿ ಎರಡರ ತೂಕ ನೋಡಿ, ಯಾವುದನ್ನು ಎಷ್ಟು ಮೊದಲು ಬಿಡಬೇಕೆಂದು ಕಂಪ್ಯೂಟರ್ ಲೆಕ್ಕಹಾಕುತ್ತಿತ್ತು.

ಗಾಡಿಯ ತೂಕವನ್ನು ಲೆಕ್ಕಹಾಕಿದ ಆ ಜಾಣ ವ್ಯವಸ್ಥೆಗೆ ಜೇಬಿನೊಳಗಿನ ನಾಣ್ಯ ಕಾಣುತ್ತಿರಲಿಲ್ಲ. ಅಮೆರಿಕದ ಕಾಲು ಡಾಲರ್ ನಾಣ್ಯದ ತೂಕ 5.67 ಗ್ರಾಂ. ಒಂದು ಗಾಡಿ ಗಂಟೆಗೆ 72 ಕಿಲೋಮೀಟರಿನಲ್ಲಿ ಓಡುತ್ತಿದ್ದರೆ ಅದರಿಂದ ಬಿದ್ದ ನಾಣ್ಯದ ಶಕ್ತಿ ಒಂದು ಜೌಲಿಗಿಂತ ತುಸು ಹೆಚ್ಚು. ಎದುರಿನ ಗಾಡಿಯೂ ಅದೇ ವೇಗದಲ್ಲಿ ಬರುತ್ತಿದ್ದರೆ ವೇಗ ಇಮ್ಮಡಿ, ಶಕ್ತಿ ನಾಲ್ಕು ಪಟ್ಟು. ಬೆನ್ನಿಗೆ ತಗುಲಿದರೆ ಚುರುಕ್ ಎಂದೀತು. ಕಣ್ಣಿಗೆ ತಗುಲಿದರೆ? 2011ರ ಜುಲೈ ಕೊನೆಯಲ್ಲಿ ಆದದ್ದು ಅದೇ. ಹಾರಿಬಂದ ವಸ್ತುವೊಂದು ಬಡಿದು ಒಬ್ಬ ಪ್ರವಾಸಿ ಒಂದು ಕಣ್ಣು ಕಳೆದುಕೊಂಡ. ಕೆಲವೇ ದಿನಗಳಲ್ಲಿ ಇನ್ನೊಬ್ಬರಿಗೂ ಅಂಥದೇ ಪೆಟ್ಟು ಬಿತ್ತು. ಪಾರ್ಕು ಮೊದಲು ತಾತ್ಕಾಲಿಕವಾಗಿ, ಆ ಅಕ್ಟೋಬರಿನಲ್ಲಿ ಕಾಯಂ ಆಗಿ ಎರಡು ಗಾಡಿಗಳನ್ನು ಒಟ್ಟಿಗೆ ಬಿಡುವುದನ್ನು ನಿಲ್ಲಿಸಿತು. ಅಷ್ಟು ಹೊತ್ತಿಗೆ ಹ್ಯಾರಿ ಪಾಟರ್ ಲೋಕದ ಭಾಗವಾಗಿ ಅದರ ಹೆಸರು 'ಡ್ರ್ಯಾಗನ್ ಚಾಲೆಂಜ್' ಎಂದಾಗಿತ್ತು. ಚಾಲೆಂಜ್ ಉಳಿಯಿತು, ಕಾಳಗ ಮುಗಿಯಿತು. 2017ರಲ್ಲಿ ಕೋಸ್ಟರನ್ನೇ ಮುಚ್ಚಿ ಕಿತ್ತುಹಾಕಿದರು. ಇಡೀ ಕೋಸ್ಟರಿನ ಮೂಲ ಕಲ್ಪನೆಯನ್ನೇ ಕೈಬೆರಳ ತುದಿಯಷ್ಟು ಗಾತ್ರದ ವಸ್ತುಗಳು ಸೋಲಿಸಿದ ಇಂಥ ಉದಾಹರಣೆ ಎಂಜಿನಿಯರಿಂಗ್ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಯೂನಿವರ್ಸಲ್ ಕಲಿತ ಪಾಠ ಬಾಗಿಲಲ್ಲೇ ಕಾಣುತ್ತದೆ. 2015ರ ಹೊತ್ತಿಗೆ ಅದರ ದೊಡ್ಡ ಕೋಸ್ಟರುಗಳ ಮುಂದೆ, ವಿಮಾನ ನಿಲ್ದಾಣದಲ್ಲಿರುವಂಥ ಮೆಟಲ್ ಡಿಟೆಕ್ಟರ್‌ಗಳು ಬಂದವು. ಜೇಬಲ್ಲಿ ಕೀಗೊಂಚಲಿದ್ದರೂ ವಾಪಸ್ಸು. 2021ರಲ್ಲಿ ತೆರೆದ 'ವೆಲಾಸಿಕೋಸ್ಟರ್'ನಲ್ಲಿ ಎರಡೂ ಕಡೆ ಬಾಗಿಲಿರುವ ಲಾಕರುಗಳಿವೆ. ಹತ್ತುವ ಮುಂಚೆ ಈ ಕಡೆಯಿಂದ ಇಟ್ಟರೆ, ಇಳಿದ ಮೇಲೆ ಆ ಕಡೆಯಿಂದ ತೆಗೆದುಕೊಳ್ಳಬಹುದು. ಬರುವವರು ಹೋಗುವವರು ಒಬ್ಬರಿಗೊಬ್ಬರು ಅಡ್ಡಬರುವುದಿಲ್ಲ. ಬಹುಮುಖ್ಯ ಸಂಗತಿಯೆಂದರೆ ಸಣ್ಣ ಲಾಕರಿಗೆ ಆ ಹೊತ್ತಿನ ಮಟ್ಟಿಗೆ ದುಡ್ಡಿಲ್ಲ. ಬೇರೆ ಹಲವು ಪಾರ್ಕುಗಳಲ್ಲಿ ಲಾಕರಿಗೂ ಬಾಡಿಗೆ ಉಂಟು. ದುಬಾರಿ ಟಿಕೆಟ್ ಕೊಂಡು ಬಂದ ಸಂಸಾರಸ್ಥ ಪ್ರತಿ ಸವಾರಿಗೂ ಮತ್ತೆ ದುಡ್ಡು ಬಿಚ್ಚುವ ಬದಲು ಫೋನನ್ನು ಒಳಜೇಬಿಗೆ ತುರುಕಿ ಸುಮ್ಮನೆ ನಿಂತರೆ ತಪ್ಪು ಅವನದೊಂದೇ ಎನ್ನಲಾಗದು. ಸುರಕ್ಷತೆಯ ಸಾಧನವನ್ನೇ ವ್ಯಾಪಾರದ ಸರಕು ಮಾಡಿದವರಿಗೂ ಅದರಲ್ಲಿ ಪಾಲಿದೆ.

ಜೇಬಿಗೆ ಜಿಪ್ ಇದ್ದರೆ ಸಾಕಲ್ಲವೇ ಎಂದರೆ, ಅದಕ್ಕೂ ಒಂದು ಉಪಕಥೆ. 2022ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿಯ ಐಫೋನ್ 14 ಮಾರುಕಟ್ಟೆಗೆ ಬಂತು. ಕಾರು ಅಪಘಾತವಾದರೆ ತಾನೇ ಅರಿತು ತುರ್ತು ಸೇವೆಗೆ ಕರೆ ಮಾಡುವ ಶಕ್ತಿ ಅದಕ್ಕಿತ್ತು. ಗುರುತ್ವದ 256 ಪಟ್ಟಿನವರೆಗಿನ ಆಘಾತವನ್ನು ಅಳೆಯುವ ಸಂವೇದಕ ಅದರೊಳಗಿತ್ತು. ಒಹಾಯೊದ ಕಿಂಗ್ಸ್ ಐಲ್ಯಾಂಡ್ ಪಾರ್ಕಿನಲ್ಲಿ 'ಮಿಸ್ಟಿಕ್ ಟಿಂಬರ್ಸ್' ಎಂಬ ಮರದ ಕೋಸ್ಟರ್ ಹತ್ತಿದವರೊಬ್ಬರ ಸೊಂಟದ ಚೀಲದಲ್ಲಿ ಭದ್ರವಾಗಿದ್ದ ಫೋನು ಇದನ್ನೇ ಅಪಘಾತವೆಂದು ಬಗೆದು 911ಕ್ಕೆ ಕರೆ ಮಾಡಿತು. ಆ ಕಡೆ ಫೋನೆತ್ತಿದವರಿಗೆ ಕೇಳಿಸಿದ್ದು ಜನ ಕಿರುಚುವ ಸದ್ದು. ಜಿಲ್ಲೆಯ ತುರ್ತು ಕೇಂದ್ರಕ್ಕೆ ಆ ಪಾರ್ಕಿನಿಂದ ಇಂಥ ಹಲವು ಕರೆಗಳು ಬಂದವು. ಫೋನಿನ ತರ್ಕದಲ್ಲಿ ಲೋಪವಿಲ್ಲ. ಜೋರು ಓಟ, ಗಡಗಡ ಕುಲುಕಾಟ, ಒಮ್ಮೆಲೇ ಬ್ರೇಕು, ಕಿರುಚಾಟ: ಅಪಘಾತದಲ್ಲಿ ಇನ್ನೇನಿರುತ್ತದೆ? ಆಪಲ್ ಆಮೇಲೆ ತಂತ್ರಾಂಶವನ್ನು ತಿದ್ದಿತು.

ನಮ್ಮ ಕಡೆಯವರ ಜೇಬಿಗಿಂತ ಉಡುಪೇ ಹೆಚ್ಚು ಅಪಾಯಕರ. ದುಪಟ್ಟಾ, ಸೆರಗು, ಬಿಚ್ಚಿದ ಜಡೆ ಹಾರಿಹೋಗುವುದಿಲ್ಲ, ಸಿಕ್ಕಿಹಾಕಿಕೊಳ್ಳುತ್ತವೆ. ತಿರುಗುವ ಚಕ್ರಕ್ಕೆ ಬಟ್ಟೆಯ ಒಂದು ಎಳೆ ಸಿಕ್ಕರೂ ಸಾಕು, ಪ್ರತಿ ಸುತ್ತಿಗೂ ಅದು ಉಳಿದದ್ದನ್ನು ಸುತ್ತಿಕೊಳ್ಳುತ್ತ ಹೋಗುತ್ತದೆ. 1927ರಲ್ಲಿ ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ನರ್ತಕಿ ಇಸಡೋರಾ ಡಂಕನ್ ಸತ್ತದ್ದು ಕತ್ತಿನ ಉದ್ದನೆಯ ರೇಷ್ಮೆ ಶಾಲು ಕಾರಿನ ಚಕ್ರಕ್ಕೆ ಸುತ್ತಿಕೊಂಡು. ಭಾರತದಲ್ಲಿ ಮಾರುವ ಮೋಟಾರ್ ಸೈಕಲ್ಲಿಗೆ ಸೀರೆ ಗಾರ್ಡ್ ಇರಲೇಬೇಕೆಂದು 1989ರ ಮೋಟಾರು ವಾಹನ ನಿಯಮಗಳು ಹೇಳುವುದೂ ಇದಕ್ಕೇ. ಬಿಡದಿಯ ವಂಡರ್‌ಲಾ ಪಾರ್ಕಿಗೆ ಹೋಗುವ ಕಾಲೇಜು ಹುಡುಗಿಯರು ಆಡುವ ಮುನ್ನ ದುಪಟ್ಟಾವನ್ನು ಬ್ಯಾಗಿಗೆ ಹಾಕಿ ಬರುವುದು ಒಳ್ಳೆಯದು, ಸೊಂಟಕ್ಕೆ ಕಟ್ಟಿದರೆ ಸಾಲದು.

ಮೆಟಲ್ ಡಿಟೆಕ್ಟರಿಗೆ ಸಿಗದ ಒಂದು ವಸ್ತುವಿದೆ: ಟೋಪಿ. ಹಾರುವ ವಸ್ತುವಾಗಿ ನೋಡಿದರೆ ಅದಕ್ಕಿಂತ ನಿರುಪದ್ರವಿ ಇನ್ನೊಂದಿಲ್ಲ. ತೂಕ ಕಡಿಮೆ, ಹರವು ಜಾಸ್ತಿ. ಕಣ್ಣು ಮಿಟುಕಿಸುವಷ್ಟರಲ್ಲಿ ಗಾಳಿ ಅದರ ವೇಗವನ್ನೆಲ್ಲ ಹೀರಿಕೊಂಡು ಹುಲ್ಲಿನ ಮೇಲೆ ಮೆತ್ತಗೆ ಇಳಿಸಿಬಿಡುತ್ತದೆ. ಟೋಪಿ ಬಡಿದು ಯಾರೂ ಸಾಯುವುದಿಲ್ಲ. ಆದರೆ 1998ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ, 'ಟಾಪ್ ಗನ್' ಎಂಬ ಕೋಸ್ಟರಿನಡಿ ಬಿದ್ದಿದ್ದ ಹೆಂಡತಿಯ ಟೋಪಿ ತರಲು ಬೇಲಿಯೊಳಗೆ ಹೋದ ಯುವಕ ಸತ್ತ. ಮೇಲಿನಿಂದ ಬಂದ ಗಾಡಿಯಲ್ಲಿ ಕೂತಿದ್ದ ಮಹಿಳೆಯ ಕಾಲು ಅವನಿಗೆ ಬಡಿದಿತ್ತು. ಅವಳ ಕಾಲೂ ಮುರಿಯಿತು.

ಇಂಥ ಸಾವುಗಳನ್ನು ಸಾಲಾಗಿಟ್ಟು ನೋಡಿದಾಗ ಇಡೀ ವಿಷಯವೇ ಬೇರೆ ಮುಖ ತೋರಿಸುತ್ತದೆ. 2015ರ ಆಗಸ್ಟಿನಲ್ಲಿ ಸೀಡರ್ ಪಾಯಿಂಟಿನ 'ರ‍್ಯಾಪ್ಟರ್' ಅಡಿಯಲ್ಲಿ ಸತ್ತವನು ಹುಡುಕುತ್ತಿದ್ದದ್ದು ಕಳೆದ ಫೋನನ್ನು. 2024ರ ಜೂನಿನಲ್ಲಿ ಕಿಂಗ್ಸ್ ಐಲ್ಯಾಂಡಿನ 'ಬ್ಯಾನ್‌ಶೀ' ಬಡಿದು ಎರಡು ದಿನಗಳ ನಂತರ ಸತ್ತವನು ಹುಡುಕುತ್ತಿದ್ದದ್ದು ಕೀಯನ್ನು. ನೆಲಕ್ಕೆ ಬಿದ್ದ ಮೇಲೆ ಅಪಾಯ ಮುಗಿಯಿತು ಎಂದು ಎಲ್ಲರೂ ತಿಳಿಯುತ್ತಾರೆ. ಹಾರುವಾಗ ಗಾಯ ಮಾಡುವ ವಸ್ತುಗಳು ಜೀವ ತೆಗೆದಿರುವುದು ಸುಮ್ಮನೆ ಬಿದ್ದುಕೊಂಡಿದ್ದಾಗ.

ಟಾಪ್ ಗನ್ ಸೇರಿ ಈ ಮೂರೂ ಒಂದೇ ಜಾತಿಯ ಕೋಸ್ಟರುಗಳು. ಡ್ಯೂಯಲಿಂಗ್ ಡ್ರ್ಯಾಗನ್ಸ್‌ನಂತೆ ಹಳಿ ಮೇಲೆ, ಗಾಡಿ ಕೆಳಗೆ. ಅದು ಕಾಕತಾಳೀಯವಲ್ಲ. ಮಾಮೂಲಿ ಕೋಸ್ಟರಿನಲ್ಲಿ ಹಳಿ ನೆಲದ ಹತ್ತಿರ ಬಂದರೆ ಕಣ್ಣಿಗೆ ಕಾಣುತ್ತದೆ, ರೈಲ್ವೆ ಹಳಿ ಕಂಡ ಯಾರಿಗಾದರೂ ಅದರ ಮೇಲೆ ನಿಲ್ಲಬಾರದೆಂದು ಗೊತ್ತು. ತೂಗುವ ಕೋಸ್ಟರಿನಲ್ಲಿ ಹಳಿ ತಲೆಗಿಂತ ಬಹಳ ಮೇಲಿರುತ್ತದೆ. ಅದರ ಕೆಳಗೆ ಹುಲ್ಲುಹಾಸು, ಒಂದೆರಡು ಕಂಬ, ಹೂವಿನ ಗಿಡ. ಆಳೆತ್ತರದ ಆ ಖಾಲಿ ಜಾಗ ಖಾಲಿಯಲ್ಲ, ಒಂದೆರಡು ನಿಮಿಷಕ್ಕೊಮ್ಮೆ ಗಾಡಿಯೂ ಜೋತಾಡುವ ಕಾಲುಗಳೂ ಅದನ್ನು ತುಂಬಿಕೊಂಡು ಹೋಗುತ್ತವೆ ಎಂಬುದಕ್ಕೆ ನೆಲದಲ್ಲಿ ಯಾವ ಗುರುತೂ ಇಲ್ಲ. ಬ್ಯಾನ್‌ಶೀಯ ಗರಿಷ್ಠ ವೇಗ ಗಂಟೆಗೆ 109 ಕಿಲೋಮೀಟರ್, ಅಂದರೆ ಸೆಕೆಂಡಿಗೆ 30 ಮೀಟರ್. ನೂರು ಮೀಟರ್ ದೂರದಲ್ಲಿ ಗಾಡಿ ಕಂಡರೆ ಉಳಿದಿರುವುದು ಮೂರು ಸೆಕೆಂಡು. ಬಗ್ಗಿ ಹುಲ್ಲಿನಲ್ಲಿ ಕೀ ತಡಕುತ್ತಿರುವವನಿಗೆ ಅದು ಕಾಣುವುದೂ ಇಲ್ಲ.

ಯಾರಾದರೂ ನೋಡಿ ಗಾಡಿ ನಿಲ್ಲಿಸಬಾರದೇ? ನಿಲ್ಲಿಸಲಾಗದು. ರೋಲರ್ ಕೋಸ್ಟರಿಗೆ ಡ್ರೈವರ್ ಇಲ್ಲ, ಗಾಡಿಯಲ್ಲಿ ಎಂಜಿನ್ ಇಲ್ಲ. ಎತ್ತರದಿಂದ ಬಿಟ್ಟ ಮೇಲೆ ಅದು ಬರೀ ಭೂಮಿಯ ಸೆಳೆತದಿಂದ ಓಡುತ್ತದೆ. ಬ್ರೇಕುಗಳಿರುವುದು ಹಳಿಯ ಕೆಲವೇ ಭಾಗಗಳಲ್ಲಿ. ಆಪರೇಟರ್ ಕೆಂಪು ಗುಂಡಿ ಒತ್ತಿದರೂ ಗಾಡಿ ಮುಂದಿನ ಬ್ರೇಕಿನ ಜಾಗ ತಲುಪುವವರೆಗೆ ತನ್ನ ಪಾಡಿಗೆ ಹೋಗುತ್ತಲೇ ಇರುತ್ತದೆ. ಪರದೆಯ ಮೇಲೆ ಬೇಲಿ ಹಾರಿದವನನ್ನು ಕಂಡ ಆಪರೇಟರ್ ಆ ಕೆಲವು ಸೆಕೆಂಡು ನೋಡುತ್ತ ಕೂರುವುದಲ್ಲದೆ ಬೇರೇನೂ ಮಾಡಲಾರ. ಬೇಲಿಯನ್ನು ಬರೀ ಪಾರ್ಕಿನ ಗಡಿ ಎಂದುಕೊಂಡವರಿಗೆ ಈ ಸಂಗತಿ ತಿಳಿದಿರುವುದಿಲ್ಲ. ಫಲಕದ ಮೇಲೆ 'ಪ್ರವೇಶವಿಲ್ಲ' ಎಂದು ಬರೆಯುವ ಬದಲು 'ಗಾಡಿಯನ್ನು ನಮಗೆ ನಿಲ್ಲಿಸಲು ಆಗುವುದಿಲ್ಲ' ಎಂದು ಬರೆದರೆ ಹೆಚ್ಚು ಜನ ಹಿಂದೆ ಸರಿಯಬಹುದು.

ಒಳಗೇ ಕೆಲಸ ಮಾಡುವವರಿಗೂ ಈ ಜಾಗದಲ್ಲಿ ರಿಯಾಯಿತಿಯಿಲ್ಲ. 2002ರಲ್ಲಿ ಜಾರ್ಜಿಯಾದ ಪಾರ್ಕೊಂದರಲ್ಲಿ 'ಬ್ಯಾಟ್‌ಮನ್' ಎಂಬ ತೂಗುವ ಕೋಸ್ಟರಿನ ಕೆಳಗೆ ಅಲ್ಲಿನ ನೌಕರನೇ, ಸವಾರಿ ಮಾಡುತ್ತಿದ್ದ ಹುಡುಗಿಯ ಕಾಲು ಬಡಿದು ಸತ್ತ. ನಿಯಮದ ಪ್ರಕಾರ ಸಿಬ್ಬಂದಿ ಒಳಗೆ ಕಾಲಿಡುವ ಮುನ್ನ ಕೋಸ್ಟರ್ ನಿಲ್ಲಿಸಬೇಕು, ವಿದ್ಯುತ್ ಸ್ವಿಚ್ಚಿಗೆ ಬೀಗ ಜಡಿಯಬೇಕು. ಒಳಗೆ ಹೋಗುವ ಪ್ರತಿಯೊಬ್ಬನೂ ತನ್ನದೇ ಬೀಗ ಹಾಕಿ, ಅದರ ಕೀಯನ್ನು ತನ್ನ ಬಳಿಯೇ ಇಟ್ಟುಕೊಳ್ಳುತ್ತಾನೆ. ಅವನು ಹೊರಬಂದು ಬೀಗ ತೆಗೆಯುವವರೆಗೆ ಬೇರೆ ಯಾರೂ ಗಾಡಿ ಬಿಡಲಾಗದು. ಕಾರ್ಖಾನೆಗಳ ಯಂತ್ರ ರಿಪೇರಿಯಲ್ಲಿ ಬಂದ ಪದ್ಧತಿ ಇದು.

ಒಂದು ಟೋಪಿಗಾಗಿ ಇಷ್ಟೆಲ್ಲ ಮಾಡಲು ಹಗಲಿನಲ್ಲಿ ಪುರುಸೊತ್ತೆಲ್ಲಿ? ಸಾವಿರಾರು ಜನ ಕ್ಯೂನಲ್ಲಿರುತ್ತಾರೆ. ಹಾಗಾಗಿ ಬಿದ್ದ ವಸ್ತುಗಳನ್ನು ಆಯುವುದು ಸಾಮಾನ್ಯವಾಗಿ ಪಾರ್ಕ್ ಮುಚ್ಚಿದ ಮೇಲೆ. ಕಳೆದುಕೊಂಡವರು ಕೌಂಟರಿನಲ್ಲಿ ಗುರುತು ಬರೆಸಿ ಹೋಗಬೇಕು, ಸಿಕ್ಕರೆ ಆಮೇಲೆ ಹೇಳಿಕಳಿಸುತ್ತಾರೆ. ಟೋಪಿಗೆ, ಕನ್ನಡಕಕ್ಕೆ ಈ ಏರ್ಪಾಡು ಸಾಕು. ಕಾರಿನ ಕೀಗೆ ಸಾಲದು. ಅಮೆರಿಕದ ದೊಡ್ಡ ಪಾರ್ಕುಗಳು ಹೆಚ್ಚಾಗಿ ಹೆದ್ದಾರಿಯ ಪಕ್ಕ, ಊರಿಂದ ಆಚೆ ಇವೆ. ಮಕ್ಕಳು ದಣಿದಿದ್ದಾರೆ, ಕಾರು ಪಾರ್ಕಿಂಗಿನಲ್ಲಿದೆ, ಅದರ ಕೀ ಬೇಲಿಯ ಆಚೆ ಹುಲ್ಲಿನಲ್ಲಿ ಹೊಳೆಯುತ್ತಿದೆ. ರಾತ್ರಿ ಪಾರ್ಕು ಮುಚ್ಚುವವರೆಗೆ ಆ ಸಂಸಾರ ಏನು ಮಾಡಬೇಕು ಎಂಬ ಪ್ರಶ್ನೆಗೆ ಇಳಿಯುವ ದಾರಿಯಲ್ಲೇ ಉತ್ತರ ಹೇಳಲು ಒಬ್ಬ ಮನುಷ್ಯನನ್ನು ಕೂರಿಸುವುದು ಮೆಟಲ್ ಡಿಟೆಕ್ಟರಿಗಿಂತ ಅಗ್ಗದ ಕೆಲಸ.